ಮೂರನೇ ಮಹಡಿಯಲ್ಲಿ ಮರೆತು ಬಂದದ್ದು

ಪೆಕನ್ ಬೆಂಡ್, ಟೆಕ್ಸಸ್
ಶನಿವಾರ, 20 ಅಕ್ಟೋಬರ್ 2018

ಪ್ರೀತಿಯ ಕೊಮಾದ್ರೆ ಎಲ್ವೀರಾ,

ಹಾಗೆ ಕರೆಯುವ ಯೋಗ್ಯತೆ ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಯೆಸೇನಿಯಾಳ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡು ನಿಂತವಳು ನಾನು. ಚರ್ಚಿನ ಮೆಟ್ಟಿಲು ಇಳಿಯುವಾಗಲೇ ನೀನು ನನ್ನನ್ನು ಮಿಸ್ ಬರ್ನೀಸ್ ಅನ್ನುವುದು ಬಿಟ್ಟೆ. "ನನ್ನ ಮಗಳಿಗೆ ದೇವರ ಮುಂದೆ ಇನ್ನೊಬ್ಬ ತಾಯಿ ಆದೆ ಕಣೇ, ಇನ್ಮೇಲೆ ನೀನು ನಂಗೆ ಕೊಮಾದ್ರೆ" ಅಂದೆ. ಬೇರೆ ಹೆಸರಿನಿಂದ ನಿನಗೆ ಪತ್ರ ಶುರು ಮಾಡಲು ನೋಡಿದೆ, ಕೈ ಓಡಲಿಲ್ಲ.

ಸಾಕ್ಷಿಯ ಜೊತೆ ಮಾತಾಡಬಾರದು ಎಂದು ನಿನ್ನ ವಕೀಲರು ಹೇಳಿದ್ದಾರಂತೆ. ಆ ಸಾಕ್ಷಿ ನಾನೇ. ಕಳವಿನ ಆರೋಪಕ್ಕೆ ಸರಕಾರದ ಕಡೆಯ ಒಬ್ಬಳೇ ಸಾಕ್ಷಿ. ಆದ್ದರಿಂದ ಈ ಪತ್ರವನ್ನು ಸಿಟ್ಟಿನಿಂದ ಹರಿದುಹಾಕಬೇಡ, ವಕೀಲರ ಕೈಗೆ ಕೊಡು. ಈಗ ಜಾಮೀನಿನ ಮೇಲೆ ಹೊರಗಿದ್ದೀಯ, ಮಂಗಳವಾರ ನಿನ್ನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಪಿಸ್ತೂಲು ಕದ್ದೆ ಎಂಬುದು ಒಂದು ಆರೋಪ, ಪರವಾನಗಿ ಇಲ್ಲದೆ ಅದನ್ನು ಕಾಲೇಜಿನೊಳಗೆ ಹೊತ್ತು ತಿರುಗಿದೆ ಎಂಬುದು ಇನ್ನೊಂದು. ರುಜುವಾತಾದರೆ ಜೈಲು. ಮೊದಲನೆಯದು ಶುದ್ಧ ಸುಳ್ಳು. ಎರಡನೆಯದು ನನ್ನಿಂದ ಆದದ್ದು.

ಆ ಪಿಸ್ತೂಲನ್ನು ಯಾರೂ ಕದಿಯಲಿಲ್ಲ. ಸೆಪ್ಟೆಂಬರ್ ಆರರ ಮಧ್ಯಾಹ್ನ ನಾನೇ ಅದನ್ನು ಒರೆಯ ಸಮೇತ ನಮ್ಮ ಕಾಲೇಜಿನ ಗ್ರಂಥಾಲಯದ ಮೂರನೇ ಮಹಡಿಯ ಹೆಂಗಸರ ಶೌಚಾಲಯದಲ್ಲಿ, ಕಾಗದದ ಸುರುಳಿ ಇಡುವ ಪೆಟ್ಟಿಗೆಯ ಮೇಲೆ ಮರೆತು ಬಂದೆ. ನೋಡು, ಇಷ್ಟೇ ಮಾತು. ಬರೆಯಲು ಆರು ವಾರ ಹಿಡಿಯಿತು.

ನಗಬೇಕೆಂದರೆ ನಗು. ಪಿಸ್ತೂಲು ಪರವಾನಗಿಯ ತರಗತಿಯಲ್ಲಿ ಮೇಷ್ಟರು ಗುರಿ ಇಡುವುದಕ್ಕಿಂತ ಹೆಚ್ಚು ಹೊತ್ತು ಹೇಳಿಕೊಟ್ಟದ್ದು ಇದನ್ನೇ. "ಕೂತಾಗ ಸೊಂಟದ್ದು ಕಣ್ಣೆದುರಿಗೇ ಇರ್ಬೇಕು, ಪೆಟ್ಟಿಗೆ ಮೇಲೆ ಇಡ್ಬೇಡಿ, ಬಾಗಿಲ ಕೊಕ್ಕೆಗೆ ಹಾಕ್ಬೇಡಿ. ಇಡೀ ಟೆಕ್ಸಸ್ ಮರೆಯೋದು ಅಲ್ಲೇ" ಎಂದಿದ್ದರು. ನಿನಗೆ ಬಂದು ಹೇಳಿದಾಗ ಶೌಚಾಲಯದ ನೆಲ ಒರೆಸುತ್ತಿದ್ದ ನೀನು ಗೋಡೆ ಹಿಡಿದುಕೊಂಡು ನಕ್ಕಿದ್ದೆ. "ಎಲ್ಲೆಲ್ಲಿ ಏನೇನು ಮರೀತಾರೆ ಅಂತ ನನ್ನ ಕೇಳು ಕೊಮಾದ್ರೆ. ಹಲ್ಲಿನ ಸೆಟ್ಟು ಸಿಕ್ಕಿದೆ, ಮದುವೆ ಉಂಗುರ ಸಿಕ್ಕಿದೆ. ಇನ್ನು ಅದೊಂದು ಬಾಕಿ" ಅಂದಿದ್ದೆ. ಕೊನೆಗೆ ಅದೂ ಸಿಕ್ಕಿತು, ಅದೂ ನನ್ನದೇ.

ಯಾವತ್ತಿನಿಂದ ಪಿಸ್ತೂಲು ಸೊಂಟದಲ್ಲಿಟ್ಟುಕೊಂಡು ಕೆಲಸಕ್ಕೆ ಬರುತ್ತೇನೆಂದು ನಿನಗೆ ನಾನು ಹೇಳಿರಲಿಲ್ಲ, ನೆನಪಿದೆಯೇ? ಮೊದಲ ಸಲ ತಂದ ಆ ಸೋಮವಾರ ಬೆಳಿಗ್ಗೆ ನೀನು ಎಂದಿನಂತೆ ಅಪ್ಪಿಕೊಳ್ಳಲು ಬಂದೆ. ನಾನು ಬಲ ಮಗ್ಗುಲು ತಪ್ಪಿಸಿ, ಮೊಣಕೈ ಕೆಳಗಿಟ್ಟು, ಒಂದೇ ಕೈಯಲ್ಲಿ ಬೆನ್ನು ತಟ್ಟಿದೆ. ನೀನು ಹಿಂದೆ ಸರಿದು ನನ್ನನ್ನು ಮೇಲಿಂದ ಕೆಳಗೆ ನೋಡಿದೆ. "ಏನೇ ಇದು, ಬೇಲಿಗೂಟ ಅಪ್ಕೊಂಡ ಹಾಗಾಯ್ತಲ್ಲ! ಎಲ್ಲಿಟ್ಟಿದೀಯ, ತೋರ್ಸು" ಅಂದೆ. ಯಾರಿಗೂ ಕಾಣದಂತೆ ಇಟ್ಟುಕೊಳ್ಳಬೇಕೆಂಬುದು ಕಾನೂನು. ನಿನ್ನ ಮುಂದೆ ಅದು ಒಂದು ನಿಮಿಷವೂ ನಡೆಯಲಿಲ್ಲ. ಆಮೇಲೆ ಪುಸ್ತಕ ಹೊಲಿಯುವ ಕೋಣೆಯಲ್ಲಿ ಕದ ಹಾಕಿಕೊಂಡು ತೋರಿಸಿದೆ. ಲೀರಾಯ್ ಬಳಸುತ್ತಿದ್ದ ಹಳೆಯ ಚರ್ಮದ ಒರೆ. ಅದರ ಪಟ್ಟಿ ಕಿತ್ತುಹೋಗಿತ್ತು, ನಾನು ಪುಸ್ತಕದ ಬೆನ್ನು ಹೊಲಿಯುವ ಕೆಂಪು ಮೇಣದ ದಾರದಿಂದ ಹೊಲಿದಿದ್ದೆ. "ಸತ್ತ ಗಂಡನ ಒರೆಗೆ ಸತ್ತ ಪುಸ್ತಕದ ದಾರ. ನಿನ್ನಂಥವಳು ಇಡೀ ಊರಲ್ಲಿ ಇನ್ನೊಬ್ಬಳಿಲ್ಲ ಬಿಡು" ಅಂದೆ ನೀನು.

ಅದಕ್ಕೇ ಅಲ್ಲವೇ ಅಂದು ಶೌಚಾಲಯದಲ್ಲಿ ಕೆಂಪು ದಾರ ಕಂಡ ಕೂಡಲೇ ನಿನಗೆ ಗೊತ್ತಾದದ್ದು? ಬೇರೆ ಯಾರದೇ ಆಗಿದ್ದರೆ ನೀನು ನಿಯಮದಂತೆ ಬಾಗಿಲು ಹಾಕಿ, ಮುಟ್ಟದೆ, ಕಾಲೇಜಿನ ಪೊಲೀಸರಿಗೆ ಫೋನು ಮಾಡುತ್ತಿದ್ದೆ. ಅವರು ಬಂದರೆ ನನ್ನ ಪರವಾನಗಿ ಹೋಗುತ್ತದೆ, ಕೆಲಸವೂ ಹೋಗುತ್ತದೆ ಎಂದು ನೀನು ಲೆಕ್ಕ ಹಾಕಿದೆ. ಅದೂ ಯಾವ ದಿನ! ಇಡೀ ಕಾಲೇಜಿನ ಮುಂದೆ ನಾನು ಪಿಸ್ತೂಲಿನ ಪರವಾಗಿ ಮಾತಾಡಬೇಕಿದ್ದ ದಿನ. ನಿನ್ನ ಹಳದಿ ಬಟ್ಟೆಯಲ್ಲಿ ಸುತ್ತಿ, ತಳ್ಳುಗಾಡಿಯಲ್ಲಿ ಕಸದ ಚೀಲಗಳ ಪಕ್ಕ ಇಟ್ಟುಕೊಂಡು, ಹುಲ್ಲುಹಾಸು ದಾಟಿ ನನ್ನನ್ನು ಹುಡುಕಿಕೊಂಡು ಸಭಾಂಗಣಕ್ಕೆ ಬಂದೆ. ಇದನ್ನು ನೀನು ಯಾರಿಗೂ ಹೇಳಿಲ್ಲ. ಆದರೂ ನನಗೆ ಗೊತ್ತು, ಯಾಕೆಂದರೆ ನೀನು ಎಲ್ವೀರಾ ಕಂತೂ.

ಇನ್ನು ಆ ಸಭೆ. ಕಾಲೇಜುಗಳಲ್ಲಿ ಪಿಸ್ತೂಲಿಗೆ ಅವಕಾಶ ಕೊಟ್ಟು ಎರಡು ವರ್ಷ ಆಗಿತ್ತು. ಯಾವ ಕಟ್ಟಡಕ್ಕೆ ಬೇಡ ಎಂದು ಕಾಲೇಜೇ ತೀರ್ಮಾನಿಸಬಹುದು, ಗ್ರಂಥಾಲಯವನ್ನೂ ಆ ಪಟ್ಟಿಗೆ ಸೇರಿಸಿ ಎಂದು ಪ್ರೊಫೆಸರ್ ಇಂಗ್ರಾಂ ಅರ್ಜಿ ಹಾಕಿದ್ದರು. ಒಬ್ಬೊಬ್ಬರಿಗೆ ಎರಡು ನಿಮಿಷ. ಹಸಿರು ದೀಪ ಹತ್ತಿದಾಗ ಶುರು, ಹಳದಿಗೆ ಅವಸರ, ಕೆಂಪಿಗೆ ಬಾಯಿ ಮುಚ್ಚಬೇಕು. ಇಂಗ್ರಾಂ ನನಗಿಂತ ಮೊದಲು ಮಾತಾಡಿದರು. "ಮಾರ್ಕ್ಸು ಕಮ್ಮಿ ಬಂತು ಅಂತ ಹುಡುಗ್ರು ಮೇಜಿನ ಆ ಕಡೆ ಕೂತು ಅಳ್ತಾರೆ. ನಾನು ಈಗ ಅವರ ಕಣ್ಣು ನೋಡ್ತಿಲ್ಲ, ಜಾಕೀಟು ನೋಡ್ತಿದೀನಿ" ಎಂದರು. ಪಿಸ್ತೂಲಿನ ಪರವಾಗಿ ಬಂದು ನಮ್ಮ ಸಾಲಿನಲ್ಲಿ ಕೂತವರು ಕಿಸಕ್ಕನೆ ನಕ್ಕರು. ತನ್ನ ನೆರಳಿಗೇ ಹೆದರುವ ಕೋಳಿ ಎಂದು ನಾನು ಪಕ್ಕದವರ ಕಿವಿಯಲ್ಲಿ ಹೇಳಿದೆ.

ಆಮೇಲೆ ನನ್ನ ಸರದಿ. ಸೊಂಟದ್ದು ಕಾಣದಿರಲೆಂದು ಸೆಪ್ಟೆಂಬರ್ ಸೆಕೆಯಲ್ಲೂ ಉಣ್ಣೆಯ ಮೇಲಂಗಿ ಹಾಕಿಕೊಂಡು ವೇದಿಕೆ ಹತ್ತಿ ಮೈಕು ಕೈಗೆ ತೆಗೆದುಕೊಂಡೆ. ಮೂರು ವರ್ಷದ ಹಿಂದಿನ ಕಥೆ ಹೇಳಿದೆ. ಡಿಸೆಂಬರಿನ ಸಂಜೆ ಆರು ಗಂಟೆ, ಕಾರು ನಿಲ್ಲಿಸುವ ಜಾಗ, ನನ್ನ ಹಿಂದೆ ಬಂದು ಕಾರಿನ ಬಾಗಿಲು ಹಿಡಿದ ಆ ಮನುಷ್ಯ. "ಆವತ್ತು ನಾನು ಒಬ್ಬಳೇ ಇದ್ದೆ. ನನ್ನ ಸಹಾಯಕ್ಕೆ ಒಂದು ನರಪಿಳ್ಳೆಯೂ ಇರ್ಲಿಲ್ಲ" ಎಂದೆ.

ಒಂದು ನರಪಿಳ್ಳೆಯೂ ಇರಲಿಲ್ಲವಂತೆ! ನೆಲ ಒರೆಸುವ ಕೋಲು ಎತ್ತಿ ಹಿಡಿದು, ಸ್ಪ್ಯಾನಿಷಿನಲ್ಲಿ ಅವನ ಏಳು ತಲೆಮಾರು ಜಾಲಾಡುತ್ತ ಮೆಟ್ಟಿಲಿಳಿದು ಓಡಿಬಂದವಳು ಯಾರು? ಅವನ ಬೆನ್ನಿಗೆ ಎರಡು ಬಾರಿಸಿದವಳು ಯಾರು? ಅವನು ಓಡಿದ ಮೇಲೆ ನನ್ನ ಕೈಯಿಂದ ಬೀಗದ ಕೈ ತೆಗೆದುಕೊಂಡು, ತಾನೇ ಕಾರು ಓಡಿಸಿ, ನನ್ನ ಮನೆಯಲ್ಲಿ ಸೂಪು ಬಿಸಿ ಮಾಡಿ ಕುಡಿಸಿ ಹೋದವಳು ಯಾರು? ಆ ಕಥೆಯಲ್ಲಿ ನೀನಿದ್ದರೆ ನನ್ನ ವಾದ ನಿಲ್ಲುತ್ತಿರಲಿಲ್ಲ, ಎಲ್ವೀರಾ. ಕೋಲು ಹಿಡಿದ ಹೆಂಗಸೊಬ್ಬಳು ಸಾಕಾಗಿದ್ದಳು ಎಂದಾಗಿಬಿಡುತ್ತಿತ್ತು. ಅದಕ್ಕೆ ನಿನ್ನನ್ನು ತೆಗೆದುಹಾಕಿದೆ. ಅಂದು ನಾನು ನಿನಗೆ ಮಾಡಿದ ಮೊದಲ ಅನ್ಯಾಯ ಅದು, ಅದೂ ಲಿಖಿತ ಭಾಷಣದಲ್ಲಿ, ಮನೆಯಲ್ಲಿ ಕೂತು ತಿದ್ದಿ ತೀಡಿ ಬರೆದದ್ದು.

ದೀಪ ಹಳದಿಯಾದಾಗ ನಾನು ಕೊನೆಯ ಮಾತಿಗೆ ಬಂದಿದ್ದೆ. "ಎರಡು ವರ್ಷದಿಂದ ದಿನಾ ನಿಮ್ಮ ಮಕ್ಕಳಿಗೆ ಪುಸ್ತಕ ಕೊಡ್ತಿದೀನಿ. ಅದು ನನ್ನ ಸೊಂಟದಲ್ಲೇ ಇತ್ತು. ಒಂದು ದಿನಾನೂ ಒಂದು ತಪ್ಪೂ ಆಗಿಲ್ಲ. ಈಗ್ಲೂ ಇದೆ" ಎಂದು ಬಲಗೈ ಸೊಂಟಕ್ಕೆ ಒಯ್ದೆ. ಅಲ್ಲಿ ಇರಲಿಲ್ಲ. ಬರೀ ಬೆಲ್ಟು. ಶೌಚಾಲಯ, ಪೆಟ್ಟಿಗೆ, ಕೊನೆಯ ಸಲ ಭಾಷಣ ಓದಿಕೊಂಡದ್ದು, ಎಲ್ಲ ಒಟ್ಟಿಗೇ ನೆನಪಾಯಿತು. ಆದರೂ ಹೇಗೋ ಧೈರ್ಯ ತಂದುಕೊಂಡು ಮುಗಿಸಿದೆ. "ಯಾರಿಗಾದ್ರೂ ಕಂಡಿತಾ?" ಎಂದೆ. ಚಪ್ಪಾಳೆ ಬಿತ್ತು. ನಮ್ಮವರು ಎದ್ದು ನಿಂತು ಚಪ್ಪಾಳೆ ಹೊಡೆದರು. ವೇದಿಕೆಯ ದೀಪಗಳು ಕಣ್ಣಿಗೆ ಹೊಡೆಯುತ್ತಿದ್ದವು, ಹಿಂಬಾಗಿಲು ನನಗೆ ಕಾಣುತ್ತಿರಲಿಲ್ಲ. ನೀನು ಯಾವಾಗ ಬಂದೆ, ಎಲ್ಲಿ ನಿಂತೆ, ಒಂದೂ ಗೊತ್ತಾಗಲಿಲ್ಲ.

ಆಗ ಹಿಂದಿನ ಸಾಲಿನ ಹುಡುಗಿ ಕಿರುಚಿದಳು. ನಿನ್ನ ಗಾಡಿಯ ಮೇಲಿನ ಬಟ್ಟೆ ಸರಿದಿತ್ತಂತೆ, ಹಿಡಿ ಕಂಡಿತಂತೆ. "ಗನ್! ಗನ್ ಐತೆ ಅವಳ ಹತ್ರ!" ಮುನ್ನೂರು ಜನ ಒಂದೇ ಸಲ ನೆಲಕ್ಕೆ ಬಿದ್ದರು. ನಮ್ಮ ಸಾಲಿನಲ್ಲೇ ಹನ್ನೊಂದು ಜನ ಪಿಸ್ತೂಲು ಇಟ್ಟುಕೊಂಡು ಕೂತಿದ್ದರೆಂದು ಆಮೇಲೆ ಲೆಕ್ಕ ಸಿಕ್ಕಿತು. ಒಂಬತ್ತು ಜನ ಕುರ್ಚಿಯ ಕೆಳಗಿದ್ದರು. ಇಬ್ಬರು ಎದ್ದು ನಿಂತು ತಮ್ಮದನ್ನು ಹೊರತೆಗೆದು ನಿನ್ನ ಕಡೆ ಹಿಡಿದರು. ನೀನು ಎರಡೂ ಕೈ ಮೇಲೆತ್ತಿ, ರಬ್ಬರಿನ ಕೈಗವಸು ಹಾಕಿಕೊಂಡೇ, ಗಾಡಿಯ ಪಕ್ಕ ಮಂಡಿಯೂರಿದೆ. ಕಾಲೇಜಿನ ಪೊಲೀಸರು ಬರುವವರೆಗೆ ಒಂದು ನಿಮಿಷವೋ ಒಂದೂವರೆಯೋ. ನಾನು ಭಾಷಣದ ಮೇಜಿನ ಹಿಂದೆ ಅಡಗಿ ಕೂತಿದ್ದೆ.

ಮರುದಿನ ಸಾರ್ಜೆಂಟ್ ಪೊಲಾಸೆಕ್ ನನ್ನ ಮನೆಗೆ ಬಂದ. ನನಗೆ ಗೊತ್ತಿರುವ ಹುಡುಗನೇ, ಅವನ ಅಜ್ಜಿಯೂ ನಾನೂ ಚರ್ಚಿನ ಅಡುಗೆಮನೆಯಲ್ಲಿ ಒಟ್ಟಿಗೆ ಹಣ್ಣು ತುಂಬಿದ ಕೊಲಾಚೆ ಬನ್ನು ಮಾಡುತ್ತೇವೆ, ಚಿಕ್ಕವನಿದ್ದಾಗ ಒಲೆಯಿಂದ ಇಳಿಯುತ್ತಿದ್ದ ಹಾಗೇ ಏಪ್ರಿಕಾಟಿನದು ಎರಡು ಕದ್ದು ತಿನ್ನುತ್ತಿದ್ದವ. ನಂಬರು ನೋಡಿ ಪಿಸ್ತೂಲು ನನ್ನದೆಂದು ಪತ್ತೆ ಹಚ್ಚಿದ್ದ. ನಾನು ಎಲ್ಲ ಹೇಳಬೇಕೆಂದು ಬಾಯಿ ತೆರೆದದ್ದು ನಿಜ. ದೇವರ ಮೇಲಾಣೆ, ತೆರೆದೆ. ಅಷ್ಟರಲ್ಲಿ ಅವನೇ, "ಮಿಸ್ ಬರ್ನೀಸ್, ಆ ಹೆಂಗಸು ಬಾಯಿ ಬಿಡ್ತಿಲ್ಲ. ಸಿಕ್ತು, ವಾಪಸ್ ಕೊಡೋಕೆ ಹೊರಟಿದ್ದೆ ಅಂತಾಳೆ ಅಷ್ಟೆ. ಎಲ್ಲಿ ಸಿಕ್ತು, ಯಾರದು, ಹೇಳಲ್ಲ. ನಿಮ್ಮ ಬ್ಯಾಗಿಂದ ಹೊಡೆದಿರ್ಬೇಕು, ಭಾಷಣದ ಗಡಿಬಿಡೀಲಿ ನೀವು ಸೊಂಟದಲ್ಲೇ ಇದೆ ಅಂದ್ಕೊಂಡ್ರಿ, ಅಲ್ವಾ?" ಎಂದ.

ನಾನು, "ಇರಬಹುದು" ಎಂದೆ.

ಹೌದು ಎನ್ನಲಿಲ್ಲ ಎಂದು ಆರು ವಾರ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವನು ಬರೆದುಕೊಂಡದ್ದು ಹೌದು ಎಂದೇ. ಕೆಳಗೆ ರುಜು ಹಾಕಿಸಿಕೊಂಡ. ನಾನು ಹಾಕಿದೆ, ಅವನಿಗೆ ಕಾಫಿ ಕೊಟ್ಟೆ, ತಿಂಡಿಯ ಪೊಟ್ಟಣ ಕಟ್ಟಿ ಕೊಟ್ಟೆ. ನೀನು ಅತ್ತ ನನ್ನ ಹೆಸರು ಹೇಳದೆ ಕೂತಿದ್ದೆ. ನಾನು ಓಡಿ ಬಂದು ಬಿಡಿಸುತ್ತೇನೆ ಎಂದು ಕಾದಿದ್ದೆ, ಅಲ್ಲವೇ?

ಊರಿನ ಬಾಯಿಗೆ ನೀನು ಆಹಾರವಾದೆ. ರೇಡಿಯೋದವನು ನನ್ನನ್ನು ಮಾತಾಡಿಸುತ್ತ, "ಆಕೆ ಯಾವ ದೇಶದಿಂದ ಬಂದವಳು?" ಎಂದು ಕೇಳಿದ. ನನ್ನ ಹಿರಿಯರು ಯುರೋಪಿನ ಬೊಹೀಮಿಯಾ ಬಿಟ್ಟು ಹಡಗು ಹತ್ತುವ ಮೊದಲೇ ನಿನ್ನ ಮುತ್ತಜ್ಜಿಯ ಅಜ್ಜಿ ಈ ನದಿಯ ದಡದಲ್ಲಿ ಜೋಳದ ರೊಟ್ಟಿ ತಟ್ಟುತ್ತಿದ್ದಳು. ಅಷ್ಟು ಹೇಳಬಹುದಿತ್ತು. "ಗೊತ್ತಿಲ್ಲ" ಎಂದೆ. ಗ್ರಂಥಾಲಯಕ್ಕೆ ಪಿಸ್ತೂಲು ತರಬಹುದೆಂದೇ ಸಭೆ ಕರೆದಿದ್ದ ಕಾಲೇಜಿನ ಸಮಿತಿ ತೀರ್ಮಾನಿಸಿತು. ಪರವಾನಗಿ ಇದ್ದವರಿಂದ ಏನೂ ಆಗಿಲ್ಲವಲ್ಲ! ಹೊಸ ನಿಯಮ ಒಂದೇ ಬಂತು, ಕೆಲಸದವರ ತಳ್ಳುಗಾಡಿಗಳನ್ನು ದಿನಾ ಬೆಳಿಗ್ಗೆ ತಪಾಸಣೆ ಮಾಡಬೇಕು. ನಿನ್ನ ಜೊತೆಯವರು ಬಾಗಿಲಲ್ಲಿ ಸಾಲಾಗಿ ನಿಂತು ಬಕೀಟು ಬಗ್ಗಿಸಿ ತೋರಿಸುತ್ತಾರೆ. ನಾನು ಅವರ ಪಕ್ಕದಲ್ಲೇ ಹಾದು ಒಳಗೆ ಹೋಗುತ್ತೇನೆ. ನನ್ನನ್ನು ಯಾರೂ ತಡೆಯುವುದಿಲ್ಲ.

ಆ ಕೋಳಿ ಎಂದೆನಲ್ಲ, ಆ ಇಂಗ್ರಾಂ ನಿನ್ನನ್ನು ತಮ್ಮ ಕಾರಿನಲ್ಲಿ ಕೋರ್ಟಿಗೆ ಕರೆದೊಯ್ಯುತ್ತಾರೆಂದು ಕೇಳಿದೆ. ಮೊನ್ನೆ ಗ್ರಂಥಾಲಯದಲ್ಲಿ ಅವರು ನನ್ನ ಕಡೆ ನೋಡಿ ನಮಸ್ಕಾರ ಕೂಡ ಹೇಳಿದರು. ನನ್ನ ಪಿಸ್ತೂಲು ಕಳವಾಯಿತೆಂದು ಅವರಿಗೆ ನನ್ನ ಮೇಲೂ ಕನಿಕರ. ಆ ಕನಿಕರ ತಿಂದು ಅರಗಿಸಿಕೊಳ್ಳುವುದು ಬೈಗುಳಕ್ಕಿಂತ ಕಷ್ಟ.

ಭಾನುವಾರ ಚರ್ಚಿನ ಪೂಜೆಗೂ ನಾನು ಎಂಟು ಗಂಟೆಯದು ಬಿಟ್ಟು ಹನ್ನೊಂದರದಕ್ಕೆ ಹೋಗುತ್ತಿದ್ದೇನೆ. ಪರಸ್ಪರ ಶಾಂತಿ ಕೋರುವ ಹೊತ್ತಿಗೆ ನಿನ್ನ ಕೈ ಹಿಡಿಯಬೇಕಾದೀತು ಎಂಬ ಭಯ. ಸೊಂಟದಲ್ಲಿ ಈಗ ಏನೂ ಇಲ್ಲ, ಅದು ಪೊಲೀಸರ ಬೀರುವಿನಲ್ಲಿದೆ. ಆದರೂ ಚರ್ಚಿನಲ್ಲಿ ಯಾರಾದರೂ ಅಪ್ಪಿಕೊಳ್ಳಲು ಬಂದರೆ ಮೊಣಕೈ ತಾನೇ ತಾನಾಗಿ ಕೆಳಗೆ ಬರುತ್ತದೆ.

ಪತ್ರ ಬರೆಯಲು ಕೂರಿಸಿದ್ದು ಯೆಸೇನಿಯಾ. ಅವಳು ಬೈದಿದ್ದರೆ ನಾನು ಬಹುಶಃ ಇನ್ನೂ ಸುಮ್ಮನಿರುತ್ತಿದ್ದೆ. ಗುರುವಾರ ನರ್ಸಿಂಗ್ ಪುಸ್ತಕ ಹಿಂದಿರುಗಿಸಲು ನನ್ನ ಮೇಜಿಗೆ ಬಂದಳು. ಬೇರೆ ಮೇಜು ಖಾಲಿ ಇತ್ತು, ಬೇಕೆಂದೇ ನನ್ನ ಹತ್ತಿರ ಬಂದಳು. ಮಾತು ಬಂದಾಗಿನಿಂದ ನನ್ನನ್ನು ಮದ್ರೀನಾ, ಜ್ಞಾನಸ್ನಾನದ ತಾಯಿ, ಎಂದೇ ಕರೆಯುತ್ತಿದ್ದ ಮಗು. "ಅಮ್ಮ ಹೇಗಿದ್ದಾಳೆ?" ಎಂದು ಕೇಳಿದೆ, ನಾಚಿಕೆ ಬಿಟ್ಟು. ಪುಸ್ತಕ ಮುಂದೆ ತಳ್ಳಿ, "ಚೆನ್ನಾಗಿದ್ದಾರೆ ಮೇಡಂ. ನಿಮ್ಮನ್ನ ಏನೂ ಅನ್ಬೇಡ ಅಂದಿದ್ದಾರೆ" ಎಂದು ಹೊರಟುಹೋದಳು.

ನಿಮ್ಮನ್ನ ಏನೂ ಅನ್ಬೇಡ! ಈಗಲೂ ನೀನು ನನ್ನನ್ನೇ ಕಾಯುತ್ತಿದ್ದೀಯ. ಇದಕ್ಕಿಂತ ನೀನು ಬೀದಿಯಲ್ಲಿ ನಿಂತು ನನ್ನ ಮಾನ ಹರಾಜು ಹಾಕಿದ್ದರೆ ಚೆನ್ನಾಗಿತ್ತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಸರಕಾರಿ ವಕೀಲರ ಕಚೇರಿ ತೆರೆಯುತ್ತದೆ. ನಾನು ಅಲ್ಲಿರುತ್ತೇನೆ. ಶೌಚಾಲಯ, ಪೆಟ್ಟಿಗೆ, ಕೆಂಪು ದಾರ, "ಇರಬಹುದು", ಎಲ್ಲವನ್ನೂ ಬರೆಸಿ ರುಜು ಹಾಕುತ್ತೇನೆ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ನನ್ನ ಮೇಲೆ ಏನು ಬರುತ್ತದೋ ಬರಲಿ. ಪರವಾನಗಿ ಹೋಗುತ್ತದೆ, ಕೆಲಸ ಹೋಗುತ್ತದೆ, ಚಪ್ಪಾಳೆ ಹೊಡೆದವರು ಮುಖ ತಿರುಗಿಸುತ್ತಾರೆ. ನಿನ್ನ ಕ್ಷಮೆ ಕೇಳಲು ಈ ಪತ್ರವಲ್ಲ, ಅದನ್ನು ಕೇಳುವ ಮುಖ ನನಗಿಲ್ಲ. ಮಂಗಳವಾರ ಕೋರ್ಟಿನಿಂದ ನೀನು ನೇರ ಮನೆಗೆ ಹೋಗಬೇಕು, ಅಷ್ಟೇ.

ನಾನು ಪಿಸ್ತೂಲು ಇಟ್ಟುಕೊಂಡದ್ದು ತಪ್ಪೋ ಸರಿಯೋ ಎಂಬ ವಾದ ಇಂಗ್ರಾಂ ಮತ್ತು ನನ್ನ ನಡುವೆ ಇನ್ನೂ ಮುಗಿದಿಲ್ಲ. ಕತ್ತಲಾಗುವ ಹೊತ್ತಿಗೆ ಕಾರಿನ ಕಡೆ ನಡೆಯಲು ನನಗೆ ಈಗಲೂ ಭಯವಾಗುತ್ತದೆ. ಆದರೆ ಆ ಭಯವನ್ನು ನಾನೇ ಹೊರಬೇಕಿತ್ತು. ನಿನ್ನ ಗಾಡಿಯಲ್ಲಿ ಹಾಕಿಬಿಟ್ಟೆ.

ನಿನ್ನ ಮಗಳನ್ನು ಎತ್ತಿಕೊಂಡವಳು,
ಬರ್ನೀಸ್ ಕುಬೇನಾ

ಮರೆತ ಮಾತು:

ಸೋಮವಾರ, ಬೆಳಿಗ್ಗೆ ಏಳೂ ಮುಕ್ಕಾಲು. ಕಚೇರಿಯ ಎದುರು ಕಾರಿನಲ್ಲಿ ಕೂತು ಲಕೋಟೆ ಮತ್ತೆ ಒಡೆದಿದ್ದೇನೆ. ಮರೆತದ್ದಲ್ಲ, ಬಿಟ್ಟದ್ದು. ವೇದಿಕೆಯ ದೀಪ ಕಣ್ಣಿಗೆ ಹೊಡೆಯುತ್ತಿತ್ತು ಎಂದು ಮೇಲೆ ಬರೆದೆನಲ್ಲ, ಆ ಸಾಲಿಗೆ ಅಡ್ಡಗೆರೆ ಎಳೆ. ಅದು ಸುಳ್ಳೆಂದು ನಿನಗೆ ಗೊತ್ತು. ನೀನು ಹಿಂಬಾಗಿಲಲ್ಲಿ ನಿಂತದ್ದು ನನಗೆ ಚೆನ್ನಾಗಿ ಕಂಡಿತು. ನನ್ನ ಕೈ ಖಾಲಿ ಬೆಲ್ಟಿನ ಮೇಲೆ ಇದ್ದಾಗ ನಿನ್ನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ನೀನು ನಿನ್ನ ಸೊಂಟ ತಟ್ಟಿ, ಗಾಡಿ ತಟ್ಟಿ, ಹೆದರಬೇಡ ಎಂದು ಕಣ್ಣು ಮಿಟುಕಿಸಿದೆ. ನನ್ನ ಧೈರ್ಯ ಬಂದದ್ದು ಅಲ್ಲಿಂದ. ಆ ಧೈರ್ಯದಲ್ಲೇ "ಯಾರಿಗಾದ್ರೂ ಕಂಡಿತಾ" ಎಂದು ಮೆರೆದೆ. ಹುಡುಗಿ ಕಿರುಚಿದಾಗ, ಆ ಇಬ್ಬರು ನಿನ್ನ ಎದೆಗೆ ಗುರಿ ಹಿಡಿದಾಗ, ಗಾಡಿಯಲ್ಲಿರುವುದು ಯಾರದು, ಯಾಕೆ ತಂದೆ ಎಂದು ಆ ಸಭಾಂಗಣದಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನನ್ನ ಹೆಸರು ಹೇಳಲಾರದೆ ನಿನ್ನ ಬಾಯಿ ಕಟ್ಟಿತ್ತು. ನಾನು ಮೇಜಿನ ಹಿಂದೆ ಕುಳಿತಾಗ ಮೈಕು ನನ್ನ ಕೈಯಲ್ಲೇ ಇತ್ತು, ಎಲ್ವೀರಾ. ಅದು ಇನ್ನೂ ಆನ್ ಇತ್ತು.